ಹೊರಗಿನಿಂದ ಹಾಕಿದ ಸರಪಳಿ

ಮೇಯರ್ ಪ್ರೊಕೋಪಿಸ್ ಪರದೆ ಎಳೆದ ತಕ್ಷಣ ಕಾತೋ ರೆಮಾ ಬಡಾವಣೆಯ ಹೈಸ್ಕೂಲಿನ ಪಡಸಾಲೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟದೆ ನಿಂತವಳು ರೂಲಾ ಒಬ್ಬಳೇ. ಹದಿನಾರು ವರ್ಷದ ಹುಡುಗಿ, ಆ ವರ್ಷದ ವಿದ್ಯಾರ್ಥಿ ಸಮಿತಿಯ ಅಧ್ಯಕ್ಷೆ. ಅಧ್ಯಕ್ಷೆ ಎಂಬ ಕಾರಣಕ್ಕೇ ಅವಳನ್ನು ಮೇಯರರ ಪಕ್ಕದಲ್ಲಿ, ಕ್ಯಾಮೆರಾಗೆ ಚೆನ್ನಾಗಿ ಕಾಣುವ ಜಾಗದಲ್ಲಿ ನಿಲ್ಲಿಸಿದ್ದರು.

ಗೋಡೆಯಗಲದ ನಕ್ಷೆ ಅದು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಎಲ್ಲವನ್ನೂ ತಾಳಿ ನಿಲ್ಲುವ ನಗರ, ನಮ್ಮ ಮಕ್ಕಳ ಕೈಯಿಂದ.’ ಕೆಳಗೆ ಬಡಾವಣೆಯ ಬೀದಿಗಳು, ಚರ್ಚು, ಸಂತೆ ಬೀದಿ, ಶಾಲೆ. ಶಾಲೆಯ ಅಂಗಳದ ಮೇಲೆ ಹಸಿರು ಬಣ್ಣದ ದೊಡ್ಡ ಚುಕ್ಕೆ. ಪ್ರವಾಹ ಬಂದರೆ ಬಡಾವಣೆಯವರೆಲ್ಲ ಬಂದು ಸೇರಬೇಕಾದ ಜಾಗ ಇದು ಎಂದು ಅದರ ಅರ್ಥ.

ರೂಲಾ ಆ ಚುಕ್ಕೆಯನ್ನು ಸುಮ್ಮನೆ ನೋಡಿದಳು. ಅಲ್ಲಿ ಚುಕ್ಕೆ ಅಂಟಿಸಿದವಳು ಅವಳೇ. ಆದರೆ ಅವಳು ಅಂಟಿಸಿದ್ದು ಕೆಂಪು ಚುಕ್ಕೆ.

ಹೋದ ವಸಂತದಲ್ಲಿ ನಗರಸಭೆಯವರು ಬಂದು, ಊರಿನ ನಾಳೆಯನ್ನು ಮಕ್ಕಳೇ ರೂಪಿಸಬೇಕು, ನಿಮ್ಮ ಮಾತು ನಮಗೆ ಬೇಕು ಎಂದು ಬೆನ್ನು ತಟ್ಟಿ ಹೋಗಿದ್ದರು. ಮಕ್ಕಳು ನಂಬಿದರು. ನಂಬಿ ಕೆಲಸ ಮಾಡಿದರು ಕೂಡ. ಮನೆಮನೆಗೆ ಹೋಗಿ ಮುದುಕರನ್ನು ಮಾತಾಡಿಸಿದರು. ಹಳೆಯ ಹಳ್ಳ ಎಲ್ಲಿ ಹರಿಯುತ್ತಿತ್ತು, ಯಾವ ಮನೆಗೆ ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೇಳಿ ನಕ್ಷೆಗೆ ಇಳಿಸಿದರು. ಮಿಲಿಟರಿಯವರು ಅಧಿಕಾರದಲ್ಲಿದ್ದ ಕಾಲದಲ್ಲಿ ಆ ಹಳ್ಳವನ್ನು ಸಿಮೆಂಟಿನಲ್ಲಿ ಮುಚ್ಚಿ ಮೇಲೆ ಶಾಲೆ ಕಟ್ಟಿದ್ದರು. ಮುಚ್ಚಿದರೆ ಹಳ್ಳ ಸತ್ತುಹೋಗುತ್ತದೆ ಎಂದುಕೊಂಡವರು ನಮ್ಮಲ್ಲಿ ಮೇಯರ್ ಪ್ರೊಕೋಪಿಸರಿಗಿಂತ ಮೊದಲೂ ಬಹಳ ಜನ ಇದ್ದರು.

ಎರಡು ವರ್ಷದ ಹಿಂದಿನ ಮಳೆಗೆ ಆ ಹಳ್ಳ ಎದ್ದು ಕೂತಿತು. ಅಂಗಳದ ಕಬ್ಬಿಣದ ಮುಚ್ಚಳಗಳನ್ನು ಎತ್ತಿ ಎಸೆಯಿತು. ಸುತ್ತ ಎತ್ತರದ ಗೋಡೆ, ಇರುವುದು ಒಂದೇ ಗೇಟು, ನೀರಿಗೆ ಹೋಗಲು ದಾರಿ ಇಲ್ಲ. ಗಳಿಗೆಯಲ್ಲಿ ಅಂಗಳ ತೊಟ್ಟಿಯಾಯಿತು. ನಗರಸಭೆಯ ಮಾತು ಕೇಳಿ ಒಳಗೆ ಸೇರಿದ್ದವರಲ್ಲಿ ಹೆಚ್ಚಿನವರು ಮೆಟ್ಟಿಲು ಹತ್ತಿ ಬದುಕಿಕೊಂಡರು. ರೂಲಾಳ ತಾತ ಸ್ತಾಥಿಸ್ ಬದುಕಲಿಲ್ಲ. ಹೃದಯ ನಿಂತು ಸತ್ತರು ಎಂದು ನಗರಸಭೆ ಹೇಳಿ ಕೈ ತೊಳೆದುಕೊಂಡಿತು. ನೀರಿನೊಳಗೆ ಯಾರ ಹೃದಯ ನಿಲ್ಲುವುದಿಲ್ಲ ಹೇಳಿ.

“ಆ ಚುಕ್ಕೆ ಕೆಂಪಗಿತ್ತು,” ಎಂದಳು ರೂಲಾ. ಗಟ್ಟಿಯಾಗಿಯೇ ಹೇಳಿದಳು.

ಮೇಯರ್ ಕ್ಯಾಮೆರಾ ಕಡೆಗಿದ್ದ ನಗುವನ್ನು ಹಾಗೇ ಇಟ್ಟುಕೊಂಡು ಬಗ್ಗಿದರು. “ಏನಮ್ಮಾ?”

“ಇಲ್ಲಿಗೆ ಬರಬಾರದು ಅಂತ ನಾವು ಕೆಂಪು ಅಂಟಿಸಿದ್ವಿ. ಸೇರೋ ಜಾಗ ಗುಡ್ಡದ ಮೇಲೆ, ಪ್ರವಾದಿ ಎಲಿಯಾಸನ ಗುಡಿ ಹತ್ರ ಅಂತ ಹಸಿರು ಹಾಕಿದ್ವಿ. ನೀವು ಅಲ್ಲಿಂದ ಕಿತ್ತು ಇಲ್ಲಿಗೆ ಹಾಕಿದೀರ.”

“ಓ, ಅದಾ. ಬಣ್ಣಗಿಣ್ಣ ಎಲ್ಲ ಚಿತ್ರ ಮಾಡೋರು ನೋಡ್ಕೋತಾರೆ, ಪುಟ್ಟಾ. ಕೆಂಪು ಕಂಡ್ರೆ ಜನ ಹೆದರ್ತಾರೆ. ಗುಡ್ಡದ ಮೇಲಿನ ಬಯಲು ಮದುವೆ ಊಟದ ಹೋಟೆಲ್‌ಗೆ ಗುತ್ತಿಗೆ ಕೊಟ್ಟಾಗಿದೆ, ಅಲ್ಲಿ ಹೋಗೋಕಾಗಲ್ಲ. ಮುಖ್ಯ ಏನಪ್ಪಾ ಅಂದ್ರೆ ನೀವು ಭಾಗವಹಿಸಿದ್ರಿ.” ಬೆನ್ನು ತಟ್ಟಿದರು. “ಬರೋ ಭಾನುವಾರ ಪ್ರವಾಹದ ಅಣಕು ಕವಾಯತು ಇದೆ. ಅಥೆನ್ಸ್‌ನಿಂದ ಟಿವಿಯವರು ಬರ್ತಿದಾರೆ. ನಿಮಗೆಲ್ಲ ಹಳದಿ ಅಂಗಿ ಕೊಡ್ತೀವಿ. ಜನ ಹಳದಿ ಅಂಗಿ ಮಕ್ಕಳ ಹಿಂದೆ ಬರಬೇಕು. ಅಂಗಳದಲ್ಲಿ ನೀನೇ ನಿಂತು ಹೇಳಬೇಕು, ಈ ಜಾಗ ಆರಿಸಿದ್ದು ನಾವು ಮಕ್ಕಳು ಅಂತ.”

“ಹೇಳಲ್ಲ,” ಎಂದಳು ರೂಲಾ.

“ಭಾನುವಾರದ ಹೊತ್ತಿಗೆ ಸರಿಹೋಗ್ತಾಳೆ,” ಎಂದರು ಮೇಯರ್, ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿ. “ಮಾಂಥೋಸನ ಮಗಳಲ್ವಾ ಇವಳು? ಒಳ್ಳೆ ಮನುಷ್ಯ ಅವನು.”

ಆ ಕೊನೆಯ ಮಾತು ಯಾತಕ್ಕೆ ಎಂದು ರೂಲಾಗೆ ಗೊತ್ತಾಯಿತು. ಅವಳ ಅಪ್ಪ ಮಾಂಥೋಸ್ ನಗರಸಭೆಯ ಎಂಟು ತಿಂಗಳ ಕೆಲಸಗಾರ. ನಮ್ಮ ಕಡೆ ಎಂಟು ತಿಂಗಳಿನವರು ಎಂದರೆ ಎಲ್ಲರಿಗೂ ಗೊತ್ತು. ಎಂಟು ತಿಂಗಳು ಕೆಲಸ, ಆಮೇಲೆ ಮೇಲಿನವರ ಮನಸ್ಸು ಬಂದರೆ ಮತ್ತೆ ಎಂಟು. ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಮನೆ ತಲುಪಿತ್ತು.

ಮಾಂಥೋಸ್ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ಕೂತಿದ್ದ. ಅವನ ತಾಯಿ ಕಲ್ಲಿಯೋಪಿ ಕಿಟಕಿಯ ಪಕ್ಕ ಕಾಫಿ ಲೋಟ ಹಿಡಿದು, ಕಿವಿ ಕೇಳಿಸದವಳ ಹಾಗೆ ಹೊರಗೆ ನೋಡುತ್ತಿದ್ದಳು. ಅವಳ ಕಿವಿ ಬೆಕ್ಕಿನ ಕಿವಿಯಷ್ಟೇ ಚುರುಕು.

“ಏನೇ, ಮೇಯರ್ ಹತ್ರ ಎದುರು ಮಾತಾಡಿದ್ಯಂತೆ,” ಎಂದ ಮಾಂಥೋಸ್.

“ಎದುರಲ್ಲ ಅಪ್ಪ, ಪಕ್ಕದಲ್ಲಿ ನಿಂತ್ಕೊಂಡೇ ಮಾತಾಡಿದೆ.”

“ತಮಾಷೆ ಬೇಡ. ನವೆಂಬರಿಗೆ ನನ್ನ ಎಂಟು ತಿಂಗಳು ಮುಗಿಯುತ್ತೆ. ಒಂದು ಭಾನುವಾರ, ಒಂದು ಮಾತು. ಹೇಳಿ ಬಂದ್ಬಿಡು. ಬರೀ ಕವಾಯತು ಅದು, ಮಳೆ ಬರಲ್ಲ.”

“ಭಾನುವಾರ ಕವಾಯತು ಅಪ್ಪ. ಆಮೇಲೆ ನಿಜವಾಗ್ಲೂ ಮಳೆ ಬಂದಾಗ ಜನ ಎಲ್ಲಿಗೆ ಹೋಗ್ತಾರೆ? ಕಾಲಿಗೆ ಅಭ್ಯಾಸ ಆದ ಕಡೆಗೇ ಹೋಗ್ತಾರೆ. ಅಜ್ಜಿನೂ ಅಲ್ಲಿಗೇ ಹೋಗಬೇಕಾ?”

ಮಾಂಥೋಸ್ ಕೈಯಲ್ಲಿದ್ದ ಹುರುಳಿಕಾಯಿ ಮುರಿಯದೆ ಹಾಗೇ ಹಿಡಿದುಕೊಂಡ. ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತೊಂದಿತ್ತು. ಆ ಮಳೆಯ ದಿನ ನಗರಸಭೆಯ ವ್ಯಾನಿನಲ್ಲಿ ಕೂತು, ಎಲ್ಲರೂ ಶಾಲೆಯ ಅಂಗಳಕ್ಕೆ ಹೋಗಿ ಎಂದು ಮೈಕಿನಲ್ಲಿ ಕೂಗಿದವನು ಮಾಂಥೋಸನೇ. ಮೇಲಿನವರು ಕೊಟ್ಟ ವಾಕ್ಯ ಅದು, ಅವನು ಓದಿದ ಅಷ್ಟೇ. ತಾತ ಸ್ತಾಥಿಸ್ ಬೇರೆ ಯಾರ ಮಾತೂ ಕೇಳುವ ಆಸಾಮಿಯಲ್ಲ. ಮಗನ ದನಿ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಿದ್ದರು. ಮೊಣಕಾಲು ನೋವಿಗೆ ಕಲ್ಲಿಯೋಪಿ ಆವತ್ತು ಮನೆಯಲ್ಲೇ ಉಳಿದಿದ್ದಳು.

“ನನ್ನ ಮೇಲೆ ಸಿಟ್ಟಿದ್ರೆ ನೇರವಾಗಿ ಹೇಳು,” ಎಂದ ಮಾಂಥೋಸ್ ಮೆಲ್ಲಗೆ.

“ನಿನ್ನ ಮೇಲಲ್ಲ,” ಎಂದಳು ರೂಲಾ. ಅದು ಪೂರ್ತಿ ನಿಜವಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹುರುಳಿಕಾಯಿ ಒಲೆಯ ಮೇಲೆ ಹೋಯಿತು.

ಬುಧವಾರ ವ್ಯಾಯಾಮದ ಹಾಲಿನಲ್ಲಿ ವಿದ್ಯಾರ್ಥಿಗಳ ಸಭೆ ಸೇರಿತು. ಅಕ್ಟೋಬರ್ ತಿಂಗಳಲ್ಲಿ ಸಭೆ ಸೇರಿದರೆ ಯಾತಕ್ಕೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಶಾಲೆ ಹಿಡಿಯುವುದಕ್ಕೆ. ಮಕ್ಕಳು ಕೈಯೆತ್ತಿ ಮತ ಹಾಕುತ್ತಾರೆ, ಗೇಟಿಗೆ ಒಳಗಿನಿಂದ ಸರಪಳಿ ಸುತ್ತಿ ಬೀಗ ಹಾಕುತ್ತಾರೆ, ಮೇಷ್ಟ್ರುಗಳು ಹೊರಗೆ ನಿಂತು ಸಿಗರೇಟು ಸೇದುತ್ತಾರೆ. ಬೇಡಿಕೆ ಏನಾದರೂ ಇದ್ದೇ ಇರುತ್ತದೆ, ಹೀಟರ್ ಇಲ್ಲ, ಗಣಿತಕ್ಕೆ ಮೇಷ್ಟ್ರಿಲ್ಲ, ಮಂತ್ರಿ ಸರಿಯಿಲ್ಲ. ಅಪ್ಪಂದಿರು ಮಾಡಿದ್ದಾರೆ, ಅಮ್ಮಂದಿರು ಮಾಡಿದ್ದಾರೆ. ಮೇಯರ್ ಪ್ರೊಕೋಪಿಸ್ ತಮ್ಮ ಕಾಲದಲ್ಲಿ ಇದೇ ಶಾಲೆಯನ್ನು ವಾರಗಟ್ಟಲೆ ಹಿಡಿದು ಕೂತ ಕಥೆಯನ್ನು ಪ್ರತಿ ಚುನಾವಣೆಯಲ್ಲೂ ಹೇಳುತ್ತಾರೆ. ಹೀಗಾಗಿ ಮಕ್ಕಳು ಶಾಲೆ ಹಿಡಿದರೆ ದೊಡ್ಡವರಿಗೆ ಸಿಟ್ಟೂ ಬರುವುದಿಲ್ಲ, ಭಯವೂ ಆಗುವುದಿಲ್ಲ. ಶೀತ ನೆಗಡಿಯ ಹಾಗೆ, ಬಂದಂತೆ ಹೋಗುತ್ತದೆ ಎಂದು ಬಿಟ್ಟುಬಿಡುತ್ತಾರೆ.

“ಗಿಟಾರ್ ನಂದು,” ಎಂದ ಥ್ರಾಸೋಸ್. ರೂಲಾಳ ತರಗತಿಯವನು, ಮೂರು ವರ್ಷದಿಂದ ಸರಪಳಿಯ ಜವಾಬ್ದಾರಿ ಹೊತ್ತವನು. “ಚೀಸ್ ಕಡುಬು ಯಾರು ತರ್ತೀರ? ಹೋದ ಸಲ ಸ್ಲೀಪಿಂಗ್ ಬ್ಯಾಗು ಮರೆತು ನಾನು ಜಿಮ್ ಮ್ಯಾಟ್ ಮೇಲೆ ಮಲಗಿ ಇವತ್ತಿಗೂ ಬೆವರು ವಾಸನೆ ಬರ್ತಿದೆ.”

“ಅದು ಮ್ಯಾಟ್ ವಾಸನೆ ಅಲ್ಲ ಕಣೋ,” ಎಂದು ಹಿಂದಿನಿಂದ ಯಾರೋ ಹೇಳಿದರು. ಹಾಲಿನ ತುಂಬ ನಗು ಎದ್ದಿತು.

ರೂಲಾ ಬೆಂಚಿನ ಮೇಲೆ ಹತ್ತಿ ನಿಂತಳು. “ಈ ಸಲ ಒಳಗೆ ಕೂರೋದು ಬೇಡ.”

“ಒಳಗೆ ಕೂರದೆ ಹಿಡಿಯೋದು ಹೇಗೆ?”

“ಹೊರಗಿನಿಂದ. ಭಾನುವಾರ ಬೆಳಿಗ್ಗೆ ಗೇಟಿಗೆ ಸರಪಳಿ ಹಾಕ್ತೀವಿ, ಆದ್ರೆ ನಾವು ಬೀದೀಲಿರ್ತೀವಿ. ಒಳಗೆ ಒಂದು ನರಪಿಳ್ಳೆನೂ ಇರಬಾರದು. ಅವರು ಈ ಅಂಗಳಕ್ಕೆ ಜನ ತುಂಬೋಕೆ ಬರ್ತಿದಾರೆ. ನಾವು ಅಂಗಳಾನ ಖಾಲಿ ಹಿಡೀತೀವಿ.”

ಥ್ರಾಸೋಸ್ ತಲೆ ಕೆರೆದುಕೊಂಡ. “ಇಷ್ಟು ವರ್ಷದಲ್ಲಿ ಯಾರೂ ಹೀಗೆ ಮಾಡಿಲ್ಲ ಕಣೇ. ಅದೂ ಭಾನುವಾರ. ಭಾನುವಾರ ಶಾಲೆ ಹಿಡಿದ್ರೆ ಒಂದು ಪೀರಿಯಡ್ಡೂ ತಪ್ಪಲ್ಲ.”

“ಅದಕ್ಕೇ,” ಎಂದಳು ರೂಲಾ. “ಪರೀಕ್ಷೆ ತಪ್ಪಿಸ್ಕೊಳ್ಳೋಕೆ ಮಾಡಿದ್ರು ಅಂತ ಯಾರೂ ಹೇಳೋ ಹಾಗಿರಲ್ಲ. ನಮ್ಮ ಕೈಯಲ್ಲಿ ಕೆಲಸ ಮಾಡಿಸ್ಕೊಂಡು, ನಾವು ಬೇಡ ಅಂದಿದ್ದನ್ನ ನಾವೇ ಬೇಕು ಅಂದ್ವಿ ಅಂತ ಗೋಡೆ ಮೇಲೆ ಬರ್ಕೊಂಡಿದಾರೆ. ಮುಂದಿನ ಸಲ ಅಲ್ಲಿ ಯಾರಾದ್ರೂ ಸತ್ರೆ, ಮಕ್ಕಳು ಹೇಳಿದ್ರು ಅಂತಾರೆ. ನಂಗೆ ಅದು ಆಗಲ್ಲ. ನಿಮಗೆ ಆಗುತ್ತಾ?”

ಮೊದಲು ಕೈಯೆತ್ತಿದವನು ಥ್ರಾಸೋಸ್. ಆಮೇಲೆ ಹಾಲಿನ ತುಂಬ ಕೈಗಳು ಎದ್ದವು. ಗಿಟಾರನ್ನು ಬೇಕಾದರೆ ಬೀದಿಯಲ್ಲೂ ಬಾರಿಸಬಹುದು ಎಂದು ಅವನಿಗೆ ಸಮಾಧಾನ ಹೇಳಲಾಯಿತು.

ಭಾನುವಾರ ಬಿಸಿಲು ಚೆನ್ನಾಗಿತ್ತು. ಚರ್ಚಿನ ಪೂಜೆ ಮುಗಿದು ಜನ ಬೀದಿಗೆ ಬರುವ ಹೊತ್ತಿಗೆ ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು. ಇದು ಕವಾಯತು, ಹಳದಿ ಅಂಗಿಯ ಮಕ್ಕಳನ್ನು ಹಿಂಬಾಲಿಸಿ ಎಂದು ಸಂದೇಶ. ಹಳದಿ ಅಂಗಿ ತೊಟ್ಟ ಮಕ್ಕಳು ಮೂಲೆಮೂಲೆಯಲ್ಲಿ ನಿಂತಿದ್ದರು. ಜನ ನಗುತ್ತಾ, ಮೊಮ್ಮಕ್ಕಳನ್ನು ಎಳೆದುಕೊಂಡು, ಬಳೆಯಾಕಾರದ ಬಿಸಿ ಬಿಸಿ ಎಳ್ಳಿನ ರೊಟ್ಟಿ ಕಡಿಯುತ್ತಾ ಬಂದರು. ಕಲ್ಲಿಯೋಪಿ ಕಪ್ಪು ಬಟ್ಟೆಯಲ್ಲಿ, ಕೋಲೂರಿಕೊಂಡು ಬಂದಳು. ಅವಳು ಬರುತ್ತಾಳೆ ಎಂದು ರೂಲಾ ಎಣಿಸಿರಲಿಲ್ಲ. ಆ ಮಳೆಯ ನಂತರ ಅವಳು ಶಾಲೆಯ ಬೀದಿಗೇ ಕಾಲಿಟ್ಟಿರಲಿಲ್ಲ.

ಶಾಲೆಯ ಗೇಟಿಗೆ ಸರಪಳಿ ಬಿದ್ದಿತ್ತು. ಬೀಗ ಹೊರಗಡೆ. ಅದರ ಮುಂದೆ ಸಾಲಾಗಿ ಮಕ್ಕಳು ಕೂತಿದ್ದರು, ನಡುವೆ ರೂಲಾ. ಗೇಟಿಗೆ ಅವರು ಕಟ್ಟಿದ್ದ ಬಿಳಿ ಬಟ್ಟೆಯ ಮೇಲೆ ದೊಡ್ಡದೊಂದು ಕೆಂಪು ಚುಕ್ಕೆ. ಅಕ್ಷರ ಒಂದೂ ಇರಲಿಲ್ಲ.

ಟಿವಿಯವರ ಜೊತೆ ಬಂದ ಮೇಯರ್ ಗೇಟು ನೋಡಿ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಕ್ಯಾಮೆರಾ ನೆನಪಾಗಿ ಜೋರಾಗಿ ನಕ್ಕರು.

“ಶಾಲೆ ಹಿಡಿದಿದೀರಾ? ಭೇಷ್. ಆದ್ರೆ ಮಕ್ಕಳೇ, ಇದನ್ನೂ ಹೇಳಿಕೊಡಬೇಕಾ ನಿಮಗೆ? ಹಿಡಿಯೋರು ಒಳಗಿರ್ತಾರೆ. ಹೊರಗೆ ಕೂತ್ಕೊಂಡು ನಿಮ್ಮನ್ನ ನೀವೇ ಹೊರಗೆ ಹಾಕ್ಕೊಂಡಿದೀರಲ್ಲ.”

ಕೆಲವರು ನಕ್ಕರು. ರೂಲಾ ಎದ್ದು ನಿಂತಳು.

“ಒಳಗಿದ್ದೋರು ಏನಾದ್ರು ಅಂತ ಈ ಬೀದಿಗೆ ಗೊತ್ತು ಸರ್. ಸೇರೋ ಜಾಗ ಮೇಲಿದೆ. ಹಳದಿ ಅಂಗಿಯವರ ಹಿಂದೆ ಬರಬೇಕು ಅಂತ ನೀವೇ ಸಂದೇಶ ಕಳಿಸಿದೀರ. ನಾವು ಗುಡ್ಡಕ್ಕೆ ಹೋಗ್ತಿದೀವಿ. ನೀವೂ ಬನ್ನಿ.”

“ಗುಡ್ಡ ಹೋಟೆಲಿನೋರದ್ದು ಅಂತ ಹೇಳಿದ್ನಲ್ಲ.” ಈಗ ನಗು ಇರಲಿಲ್ಲ. “ಮಾಂಥೋಸ್. ಎಲ್ಲಿ ಮಾಂಥೋಸ್? ಕತ್ತರಿ ತಗೊಂಬಾ.”

ನಗರಸಭೆಯ ವ್ಯಾನಿನ ಹಿಂದಿನಿಂದ ಮಾಂಥೋಸ್ ಬಂದ. ಕೈಯಲ್ಲಿ ಉದ್ದ ಹಿಡಿಯ ಕಬ್ಬಿಣ ಕತ್ತರಿ. ಜನ ದಾರಿ ಬಿಟ್ಟರು. ಅವನು ಗೇಟಿನ ಮುಂದೆ ಬಂದು ನಿಂತ, ಮಗಳು ಅವನ ಎದುರಿಗೆ.

“ಪಕ್ಕಕ್ಕೆ ಸರಿ ಮಗಳೇ,” ಎಂದ.

“ಸರಿಯಲ್ಲ ಅಪ್ಪ.”

“ನೀನು ಸರಿಯದಿದ್ರೆ ಬೇರೆ ಯಾರನ್ನಾದ್ರೂ ಕರೀತಾರೆ. ಅವರು ನಿನ್ನ ತೋಳು ಹಿಡಿದು ಎಳೀತಾರೆ. ಅದು ನನ್ನ ಕೈಲಿ ನೋಡೋಕಾಗಲ್ಲ.”

ಅವಳು ಸರಿಯಲಿಲ್ಲ. ಅವನೇ ಒಂದು ಹೆಜ್ಜೆ ಬಳಸಿ, ಅವಳ ಭುಜದ ಪಕ್ಕದಿಂದ ಕೈ ಚಾಚಿ ಕತ್ತರಿಸಿದ. ಸರಪಳಿ ಜಾರಿ ನೆಲಕ್ಕೆ ಬಿತ್ತು. ರೂಲಾ ಅಪ್ಪನ ಮೇಲೆ ಎರಡು ವರ್ಷ ತಡೆದುಕೊಂಡಿದ್ದ ಸಿಟ್ಟು ಒಂದೇ ಸಲ ಉಕ್ಕಿ ಬಂತು. ಅಳು ಬೇರೆ ಬಂತು. ಅಳುವುದನ್ನು ಟಿವಿಯವರು ನೋಡಬಾರದು ಎಂದು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

ಮೇಯರ್ ತಾವೇ ಗೇಟು ತಳ್ಳಿ, ಒಳಗೆ ನಡೆದು, ಅಂಗಳದ ನಡುವೆ ನಿಂತು ತೋಳು ಚಾಚಿದರು. “ಬನ್ನಿ, ಬನ್ನಿ. ಎಲ್ಲ ಒಳಗೆ ಬನ್ನಿ.”

ಯಾರೂ ಹೋಗಲಿಲ್ಲ.

ಗೇಟು ಪೂರ್ತಿ ತೆರೆದಿತ್ತು. ಸರಪಳಿ ಇದ್ದಾಗ ಹೊರಗೆ ನಿಂತಿದ್ದವರು ಸರಪಳಿ ಹೋದ ಮೇಲೂ ಹೊರಗೇ ನಿಂತರು. ಮುಂದಿದ್ದ ಬೇಕರಿಯವನು ತನ್ನ ಮಗುವನ್ನು ಎತ್ತಿಕೊಂಡ. ಕೆಂಪು ಚುಕ್ಕೆಯ ಬಟ್ಟೆ ಗೇಟಿನ ಜೊತೆ ಒಳಗೆ ತಿರುಗಿಕೊಂಡಿತ್ತು, ಈಗ ಅದು ಮೇಯರರಿಗೇ ಕಾಣುವಂತಿತ್ತು.

“ಏನಾಗಿದೆ ನಿಮಗೆ? ಬಿಸಿಲು ಇದೆ, ನೀರೆಲ್ಲಿದೆ ಇಲ್ಲಿ? ಕಲ್ಲಿಯೋಪಿ ಅಮ್ಮಾ, ನೀವು ದೊಡ್ಡವರು, ನೀವು ಬನ್ನಿ. ನಿಮ್ಮ ಹಿಂದೆ ಎಲ್ಲ ಬರ್ತಾರೆ.”

ನಮ್ಮಲ್ಲಿ ಇಲ್ಲ ಎನ್ನಲು ಮಾತು ಬೇಕಿಲ್ಲ. ಕಲ್ಲಿಯೋಪಿ ಹುಬ್ಬೇರಿಸಿ, ಗದ್ದವನ್ನು ಮೇಲೆತ್ತಿ, ನಾಲಿಗೆ ಹಲ್ಲಿಗೆ ತಾಗಿಸಿ ‘ತ್ಸ್’ ಎಂದಳು. ಅವಳ ಹಿಂದಿನ ಮುದುಕಿ ಗದ್ದ ಎತ್ತಿದಳು. ಅವಳ ಪಕ್ಕದವನು ಎತ್ತಿದ. ಬೀದಿಯುದ್ದಕ್ಕೂ ಗದ್ದಗಳು ಎದ್ದವು, ತ್ಸ್ ತ್ಸ್ ಎಂಬ ಸದ್ದು ಹಿಂದಕ್ಕೆ ಹರಿಯಿತು.

“ಪ್ರೊಕೋಪಿ,” ಎಂದಳು ಕಲ್ಲಿಯೋಪಿ. “ನೀನು ಚಡ್ಡೀಲಿ ಓಡಾಡೋವಾಗಿಂದ ನೋಡಿದೀನಿ ನಿನ್ನ. ಆಗಲೂ ಹಳ್ಳದಲ್ಲಿ ಬಿದ್ದು ಅಳ್ತಿದ್ದೆ, ನನ್ನ ಗಂಡ ಎತ್ತಿ ತರ್ತಿದ್ದ. ಈಗ ನಿನ್ನ ಎತ್ತೋಕೆ ಅವನಿಲ್ಲ. ಹುಷಾರಾಗಿ ನಿಂತ್ಕೋ ಅಲ್ಲಿ.” ರೂಲಾ ಕಡೆ ತಿರುಗಿದಳು. “ಏಯ್ ಹುಡುಗಿ, ಗೋಡೆ ನೋಡ್ತಾ ನಿಂತಿದ್ರೆ ಆಯ್ತಾ? ಎಲ್ಲಿ ನಿನ್ನ ಗುಡ್ಡ? ನನ್ನ ಮೊಣಕಾಲು ಸಂಜೆವರೆಗೂ ಕಾಯಲ್ಲ.”

ರೂಲಾ ಕಣ್ಣೊರೆಸಿಕೊಂಡಳು. ಥ್ರಾಸೋಸ್ ಗಿಟಾರು ಬೆನ್ನಿಗೆ ಹಾಕಿಕೊಂಡು ಮುಂದೆ ನಡೆದ. ಹಳದಿ ಅಂಗಿಗಳು ಹೊರಟವು, ಹಿಂದೆ ಜನ ಹೊರಟರು. ಬೀದಿ ಮೆಲ್ಲಗೆ ಗುಡ್ಡದ ಕಡೆಗೆ ತಿರುಗಿತು. ಟಿವಿಯವರೂ ಕ್ಯಾಮೆರಾ ಹೊತ್ತುಕೊಂಡು ಹೊರಟರು, ಅವರಿಗೆ ಜನ ಇದ್ದಲ್ಲಿ ಕೆಲಸ.

ಕೊನೆಗೆ ಉಳಿದವಳು ರೂಲಾ. ತಿರುಗಿ ನೋಡಿದರೆ, ಮೇಯರ್ ನಗರಸಭೆಯ ಫೋಟೋದವನನ್ನು ಕರೆದು ಮಾಂಥೋಸನನ್ನು ಅಂಗಳದ ನಡುವೆ ನಿಲ್ಲಿಸುತ್ತಿದ್ದರು.

“ಇನ್ನೂ ಸ್ವಲ್ಪ ಮುಂದೆ ಬಾ ಮಾಂಥೋಸ್. ಒಬ್ಬರಾದ್ರೂ ಇರಬೇಕಲ್ಲ ಫೋಟೋದಲ್ಲಿ. ಹಾಂ, ಅಲ್ಲೇ, ಮುಚ್ಚಳದ ಹತ್ರ.”

ಮಾಂಥೋಸ್ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಹೇಳಿದ ಕಡೆ ಹೋಗಿ ನಿಂತ. ರೂಲಾಳ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅವಳಿಗೆ ಭಯವಾಯಿತು, ಬರೀ ಭಯ. ಸುಡು ಬಿಸಿಲಿನಲ್ಲಿ, ಒಣಗಿದ ನೆಲದ ಮೇಲೆ ನಿಂತ ಅಪ್ಪನನ್ನು ನೋಡಿ ಅವಳು ಗೇಟಿನವರೆಗೆ ಓಡಿದಳು.

“ಅಪ್ಪಾ, ಹೊರಗೆ ಬಾ,” ಎಂದು ಕೂಗಿದಳು. “ಅಲ್ಲಿಂದ ಹೊರಗೆ ಬಾ. ತಾತ ನಿಂತಿದ್ದೂ ಅಲ್ಲೇ.”

ಮಾಂಥೋಸ್ ಕಾಲ ಕೆಳಗಿನ ಮುಚ್ಚಳ ನೋಡಿದ. ಮಗಳನ್ನು ನೋಡಿದ. ಆಮೇಲೆ ನೇರ ಗೇಟಿನ ಕಡೆ ನಡೆದ.

“ಎಲ್ಲಿಗೆ ಹೊರಟೆ?” ಎಂದರು ಮೇಯರ್. “ಮಾಂಥೋಸ್, ನಿನ್ನ ಎಂಟು ತಿಂಗಳು ನೆನಪಿರಲಿ.”

“ನೆನಪಿದೆ ಸರ್,” ಎಂದ ಅವನು, ನಿಲ್ಲದೆ. “ಮರೆಯೋಕೆ ನೀವು ಯಾವತ್ತು ಬಿಟ್ಟಿದೀರಿ?”

ಅಪ್ಪ ಮಗಳು ಗುಡ್ಡದ ದಾರಿ ಹಿಡಿದರು. ಮುಂದೆ ಕಲ್ಲಿಯೋಪಿಯನ್ನು ಇಬ್ಬರು ಹಳದಿ ಅಂಗಿಯವರು ತೋಳು ಹಿಡಿದು ಹತ್ತಿಸುತ್ತಿದ್ದರು, ಅವಳು ಇಬ್ಬರನ್ನೂ ಬೈಯುತ್ತಿದ್ದಳು. ಇನ್ನೂ ಮೇಲೆ, ಹೋಟೆಲಿನ ಬಾಗಿಲಲ್ಲಿ ಯಾರೋ ಒಬ್ಬ ಕೈ ಬೀಸಿ ಜನರನ್ನು ತಡೆಯಲು ನೋಡುತ್ತಿದ್ದ, ಜನ ಅವನ ಎರಡೂ ಪಕ್ಕದಿಂದ ಒಳಗೆ ಹೋಗುತ್ತಿದ್ದರು. ಭಯ ಇಳಿದ ಮೇಲೆ ರೂಲಾಳ ಸಿಟ್ಟು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತ್ತು.

“ನೀನು ಕತ್ತರಿಸಬಾರದಿತ್ತು,” ಎಂದಳು.

“ಗೊತ್ತು.”

“ಮುಂದಿನ ಸಲ ಇನ್ನೂ ದಪ್ಪ ಸರಪಳಿ ತರ್ತೀವಿ.”

ಮಾಂಥೋಸ್ ಕತ್ತರಿಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡ.

“ಎಷ್ಟು ದಪ್ಪ ಇದ್ರೆ ಇದಕ್ಕೆ ಬಗ್ಗಲ್ಲ ಅಂತ ನಾನು ಹೇಳಿಕೊಡ್ತೀನಿ,” ಎಂದ.